ಪೊಲಿಟಿಕಲ್ ಸೀರೀಸ್ ನೋಡ್ತಾ ನೋಡ್ತಾನೇ ರಾಜಕೀಯ ಕಲಿಯೋದು ಹೇಗೆ?

ರಾಜಕೀಯ ಅಂದ್ರೆ ತಲೆನೋವು, ಎಲ್ಲ ಪಕ್ಷದೋರೂ ಒಂದೇ, ನಮಗ್ಯಾಕೆ ಬೇಕು ಅನ್ನೋರೇ ರಾತ್ರಿ ಪೊಲಿಟಿಕಲ್ ಡ್ರಾಮಾ ಹಾಕ್ಕೊಂಡು, ಇದೊಂದು ಎಪಿಸೋಡ್ ಮುಗಿಸಿ ಮಲ್ಕೋತೀನಿ ಅಂತ ಮೂರು ಎಪಿಸೋಡ್ ಎಳೀತಾರೆ. ನನಗೇನೂ ಅದು ವಿಚಿತ್ರ ಅನ್ಸಲ್ಲ. ಬಜೆಟ್ ಬಿಲ್ ಸಿಕ್ಕಾಕ್ಕೊಂಡಿದೆ ಅಂತ ನ್ಯೂಸಲ್ಲಿ ಬಂದ್ರೆ ಅದು ಯಾರದೋ ವಿಷಯ, ಅದೇ ಬಿಲ್ ಹಿಂದೆ ನಮಗಿಷ್ಟವಾದ ಪಾತ್ರ ನಿದ್ದೆಗೆಟ್ಟು ಓಡಾಡ್ತಿದ್ರೆ ನಾವೂ ಜೊತೆಗೆ ಕೂತು ವೋಟ್ ಎಣಿಸೋಕೆ ಶುರು ಮಾಡ್ತೀವಿ. ಆ ಕುತೂಹಲ ಸುಳ್ಳಲ್ಲ. ಸೀಸನ್ ಮುಗಿದ ತಕ್ಷಣ ಅದು ಆರಿಹೋಗುತ್ತೆ ಅನ್ನೋದೇ ಸಮಸ್ಯೆ. ಆರದ ಹಾಗೆ ನೋಡೋದು ಹೇಗೆ ಅಂತ ನನಗೆ ಗೊತ್ತಿರೋ ಕ್ರಮವನ್ನ ಇಲ್ಲಿ ಬರೀತಿದೀನಿ. ಇದಕ್ಕೆ ಪೊಲಿಟಿಕಲ್ ಸೈನ್ಸ್ ಓದಿರ್ಬೇಕು ಅಂತೇನಿಲ್ಲ, ಒಂದು ನೋಟ್‌ಬುಕ್ಕು ಮತ್ತೆ ಪಾಸ್ ಬಟನ್ ಒತ್ತೋ ತಾಳ್ಮೆ ಇದ್ರೆ ಸಾಕು.

ಮೊದಲು ಸೀರೀಸ್ ಆರಿಸ್ಕೊಳ್ಳಿ

ಎಲ್ಲ ಪೊಲಿಟಿಕಲ್ ಸೀರೀಸೂ ಈ ಕೆಲಸಕ್ಕೆ ಬರಲ್ಲ. ಕೆಲವದ್ರಲ್ಲಿ ರಾಜಕೀಯ ಬರೀ ಸೆಟ್ಟು, ಸೂಟ್ ಹಾಕಿರೋರು ಮೋಸ ಮಾಡ್ಕೊಂಡು ಕೊಲೆಗಿಲೆ ಮಾಡ್ಕೊಂಡು ಓಡಾಡ್ತಿರ್ತಾರೆ, ಅದೇ ಕಥೆನ ಯಾವುದೋ ಕಂಪನಿ ಆಫೀಸಲ್ಲಿ ಇಟ್ರೂ ನಡಿಯುತ್ತೆ. ನಮಗೆ ಬೇಕಾಗಿರೋದು ಕೆಲಸ ಕಾಣಿಸೋ ಸೀರೀಸು, ಅಂದ್ರೆ ಬಿಲ್, ವೋಟು, ಪ್ರೆಸ್ ಬ್ರೀಫಿಂಗು, ಮೈತ್ರಿ ಮಾತುಕತೆ, ಇವೇ ಕಥೆ ಆಗಿರ್ಬೇಕು.

ನನ್ನ ಲೆಕ್ಕದಲ್ಲಿ ಇದಕ್ಕೆ ಇವತ್ತಿಗೂ ಮೊದಲ ಆಯ್ಕೆ ಅಮೆರಿಕದ 'ದಿ ವೆಸ್ಟ್ ವಿಂಗ್'. ಎನ್‌ಬಿಸಿ ಚಾನೆಲ್ಲಲ್ಲಿ 1999ರಿಂದ 2006ರ ತನಕ ಏಳು ಸೀಸನ್ ಬಂತು, ವೈಟ್ ಹೌಸ್ ಸಿಬ್ಬಂದಿಯ ದಿನನಿತ್ಯದ ಕೆಲಸವೇ ಕಥೆ. ಆರನ್ ಸೊರ್ಕಿನ್ ಶುರು ಮಾಡಿದ್ದು, ನಾಲ್ಕನೇ ಸೀಸನ್ ಆದ್ಮೇಲೆ ಆತ ಬಿಟ್ಟುಹೋದ. ಕ್ಲಿಂಟನ್ ಕಾಲದಲ್ಲಿ ಪ್ರೆಸ್ ಸೆಕ್ರೆಟರಿ ಆಗಿದ್ದ ಡೀ ಡೀ ಮೈಯರ್ಸ್ ಇದಕ್ಕೆ ಸಲಹೆಗಾರ್ತಿ, ಸೆನೆಟ್ ಫೈನಾನ್ಸ್ ಕಮಿಟಿಯಲ್ಲಿ ಕೆಲಸ ಮಾಡಿದ್ದ ಲಾರೆನ್ಸ್ ಓ'ಡೊನೆಲ್ ಬರಹಗಾರರಲ್ಲೊಬ್ಬರು, ಹಾಗಾಗಿ ಒಳಗಿನ ಕೆಲಸ ಗೊತ್ತಿರೋರ ಕೈ ಅದರಲ್ಲಿದೆ. ಮೈತ್ರಿ ಸರ್ಕಾರ ಅರ್ಥ ಮಾಡ್ಕೋಬೇಕಂದ್ರೆ 2010ರಲ್ಲಿ ಶುರುವಾದ ಡೆನ್ಮಾರ್ಕಿನ 'ಬೋರ್ಗೆನ್'. ಮಂತ್ರಿ ದೊಡ್ಡೋನಾ ಅಧಿಕಾರಿ ದೊಡ್ಡೋನಾ ಅನ್ನೋ ಪ್ರಶ್ನೆಗೆ 1980ರ ಬಿಬಿಸಿ ಕಾಮಿಡಿ 'ಯೆಸ್ ಮಿನಿಸ್ಟರ್', ಇಷ್ಟು ವರ್ಷ ಆದ್ರೂ ಹಳಸಿಲ್ಲ. 'ಹೌಸ್ ಆಫ್ ಕಾರ್ಡ್ಸ್' ಇಷ್ಟಪಡೋರು ಬೈಬೇಡಿ, ವಿಪ್ ಅನ್ನೋ ಹುದ್ದೆಗೆ, ಅಂದ್ರೆ ತನ್ನ ಪಕ್ಷದ ಸದಸ್ಯರ ವೋಟ್ ಒಗ್ಗೂಡಿಸೋನಿಗೆ, ಎಷ್ಟು ತಾಕತ್ತಿದೆ ಅಂತ ತೋರಿಸೋ ತನಕ ಅದು ಚೆನ್ನಾಗಿದೆ, ಆಮೇಲೆ ಅದರ ದಾರಿ ಬೇರೆ.

ಒಂದು ಎಪಿಸೋಡಿಗೆ ಎರಡೇ ಪ್ರಶ್ನೆ

ಇದೇ ಮುಖ್ಯವಾದ ಹೆಜ್ಜೆ, ಬೇರೆ ಯಾವುದೂ ಮಾಡದಿದ್ರೂ ಇದೊಂದು ಮಾಡಿ. ನಾವು ಸಾಮಾನ್ಯವಾಗಿ ಕೇಳ್ಕೊಳ್ಳೋದು ಇವನು ಒಳ್ಳೆಯವನಾ ಕೆಟ್ಟವನಾ, ಇವಳು ಗೆಲ್ತಾಳಾ ಸೋಲ್ತಾಳಾ ಅಂತ. ಅದನ್ನ ಬಿಟ್ಟು ಈ ಎರಡು ಕೇಳ್ಕೊಳ್ಳಿ: ಇದನ್ನ ಮಾಡೋ ಅಧಿಕಾರ ಇವರಿಗೆ ಕೊಟ್ಟಿದ್ದು ಯಾವುದು? ಇದನ್ನ ತಡೆಯೋಕೆ ಯಾರಿಂದ ಆಗುತ್ತೆ?

ಉದಾಹರಣೆಗೆ ವೆಸ್ಟ್ ವಿಂಗ್ ಎರಡನೇ ಸೀಸನ್ನಲ್ಲಿ 'ದಿ ಸ್ಟ್ಯಾಕ್‌ಹೌಸ್ ಫಿಲಿಬಸ್ಟರ್' ಅಂತ ಒಂದು ಎಪಿಸೋಡ್ ಇದೆ. ಶುಕ್ರವಾರ ರಾತ್ರಿ, ಆರೋಗ್ಯದ ಬಿಲ್ ಒಂದು ಪಾಸಾಗೋದ್ರಲ್ಲಿದೆ, ಎಲ್ಲರಿಗೂ ಮನೆಗೆ ಹೋಗೋ ಆತುರ, ಅಷ್ಟರಲ್ಲಿ ಸ್ಟ್ಯಾಕ್‌ಹೌಸ್ ಅನ್ನೋ ವಯಸ್ಸಾದ ಸೆನೆಟರ್ ಎದ್ದು ನಿಂತು ಮಾತಾಡೋಕೆ ಶುರು ಮಾಡ್ತಾನೆ, ನಿಲ್ಲಿಸಲ್ಲ. ಹೀಗೆ ಚರ್ಚೆ ಎಳೆದು ಬಿಲ್ ವೋಟಿಗೆ ಬರದ ಹಾಗೆ ತಡೆಯೋದಕ್ಕೇ ಫಿಲಿಬಸ್ಟರ್ ಅನ್ನೋದು. ಕೂತ್ಕೊಳ್ಳೋ ಹಾಗಿಲ್ಲ, ಮಾತು ನಿಲ್ಸೋ ಹಾಗಿಲ್ಲ, ನಿಲ್ಸಿದ್ರೆ ಕಥೆ ಮುಗೀತು. ಕೈಗೆ ಸಿಕ್ಕಿದ್ದನ್ನ ಓದ್ತಾ ಹೋಗ್ತಾನೆ. ಆಟಿಸಂಗೆ ದುಡ್ಡು ಸೇರಿಸಿ ಅನ್ನೋದು ಅವನ ಬೇಡಿಕೆ, ಯಾಕೆ ಇಷ್ಟು ಹಠ ಅಂತ ವೈಟ್ ಹೌಸಿನವರಿಗೆ ಗೊತ್ತಾಗೋದೇ ತಡವಾಗಿ. ಗೊತ್ತಾದ ಮೇಲೆ ಅವರು ಮಾಡೋ ಕೆಲಸ ನೋಡಿ: ಬೇರೆ ಸೆನೆಟರ್‌ಗಳಿಗೆ ಫೋನ್ ಹಚ್ಚಿ, ಹೋಗಿ ಇವನಿಗೊಂದು ಪ್ರಶ್ನೆ ಕೇಳಿ ಅಂತಾರೆ. ಯಾಕಂದ್ರೆ ಪ್ರಶ್ನೆ ಕೇಳೋಕೆ ಮಾತ್ರ ಅಂತ ಬಿಟ್ಟುಕೊಟ್ರೆ ಮಾತಾಡೋ ಹಕ್ಕು ಅವನ ಹತ್ರನೇ ಉಳಿಯುತ್ತೆ, ಪ್ರಶ್ನೆ ಉದ್ದ ಇದ್ದಷ್ಟೂ ಮುದುಕನಿಗೆ ಉಸಿರು ತಗೊಳ್ಳೋಕೆ ಟೈಮ್. ಎಪಿಸೋಡಿನ ಕ್ಲೈಮ್ಯಾಕ್ಸ್ ಪೂರ್ತಿ ನಿಂತಿರೋದು ಸದನದ ಒಂದು ಸಣ್ಣ ನಿಯಮದ ಮೇಲೆ, ಕಣ್ಣಲ್ಲಿ ನೀರು ಬರೋದು ಮಾತ್ರ ನಮಗೆ.

ಈಗ ಎರಡು ಪ್ರಶ್ನೆ ಹಾಕಿ. ಅಧಿಕಾರ ಎಲ್ಲಿಂದ ಬಂತು? ಸೆನೆಟಲ್ಲಿ ಚರ್ಚೆಗೆ ಸಾಮಾನ್ಯವಾಗಿ ಟೈಮ್ ಲಿಮಿಟ್ ಇರಲ್ಲ, ಅಲ್ಲಿಂದ. ತಡೆಯೋಕೆ ಯಾರಿಂದ ಆಗುತ್ತೆ? 1917ರಲ್ಲಿ ಬಂದ ಕ್ಲೋಚರ್ ನಿಯಮದಿಂದ, ಅಂದ್ರೆ ಚರ್ಚೆ ಸಾಕು ಅಂತ ವೋಟ್ ಹಾಕೋದು, ಅದಕ್ಕೆ 1975ರಿಂದ ಬೇಕಾಗಿರೋದು ಐದರಲ್ಲಿ ಮೂರು ಪಾಲು, 100 ಜನರ ಸದನದಲ್ಲಿ 60 ವೋಟು. ಈ 60 ಅನ್ನೋ ನಂಬರ್ ತಲೆಯಲ್ಲಿ ಕೂತ್ರೆ ಅಮೆರಿಕದ ಅರ್ಧ ರಾಜಕೀಯ ಸುದ್ದಿ ತಾನಾಗೇ ಅರ್ಥ ಆಗುತ್ತೆ, 51 ಸೀಟ್ ಗೆದ್ದ ಪಕ್ಷನೂ ಯಾಕೆ ಕೈ ಕಟ್ಕೊಂಡು ಕೂತಿರುತ್ತೆ, ಯಾಕೆ ಎದುರು ಪಕ್ಷದ ಒಂಬತ್ತು ಜನರ ಹಿಂದೆ ಬೀಳುತ್ತೆ ಅಂತ.

ಹಾಗಂತ ಡ್ರಾಮಾದಲ್ಲಿ ನೋಡಿದ ಹಾಗೇ ಪ್ರತಿಸಲ ನಡಿಯಲ್ಲ. ಈಗಿನ ಫಿಲಿಬಸ್ಟರಲ್ಲಿ ಬಹಳಷ್ಟು ಸಲ ಯಾರೂ ಎದ್ದು ನಿಂತು ಮಾತಾಡೋದೇ ಇಲ್ಲ, 60 ವೋಟ್ ಸಿಗಲ್ಲ ಅಂತ ಗೊತ್ತಾದ್ರೆ ಬಿಲ್ ಅಲ್ಲೇ ಕೂತಿರುತ್ತೆ. ನಿಜಕ್ಕೂ ಗಂಟೆಗಟ್ಟಲೆ ಮಾತಾಡಿದೋರೂ ಇದಾರೆ. 1957ರಲ್ಲಿ ಸ್ಟ್ರಾಮ್ ಥರ್ಮಂಡ್ 24 ಗಂಟೆ 18 ನಿಮಿಷ ಮಾತಾಡಿದ್ದು ಯಾವುದರ ವಿರುದ್ಧ ಗೊತ್ತಾ, ನಾಗರಿಕ ಹಕ್ಕುಗಳ ಮಸೂದೆ ವಿರುದ್ಧ. ಅಂದ್ರೆ ಸೀರೀಸಲ್ಲಿ ಮಕ್ಕಳ ಪರವಾಗಿ ನಿಂತು ನಮ್ಮನ್ನ ಅಳಿಸಿದ ಅದೇ ಆಯುಧ ಇಲ್ಲಿ ಕಪ್ಪುಜನರ ವೋಟಿನ ಹಕ್ಕು ತಡೆಯೋಕೆ ಬಳಕೆಯಾಗಿದೆ. (ಬಿಲ್ ಕೊನೆಗೆ ಪಾಸಾಯ್ತು ಅನ್ನೋದು ಬೇರೆ ಮಾತು.) ಆ ದಾಖಲೆ ಮುರಿದಿದ್ದು 2025ರಲ್ಲಿ ಕೋರಿ ಬೂಕರ್, 25 ಗಂಟೆ 5 ನಿಮಿಷ, ಆದರೆ ಆತ ಯಾವ ನಿರ್ದಿಷ್ಟ ಬಿಲ್ಲನ್ನೂ ತಡೀತಾ ಇರ್ಲಿಲ್ಲ. ಒಂದು ಎಪಿಸೋಡಿಂದ ಇಲ್ಲಿತನಕ ಬರೋಕೆ ಅರ್ಧ ಗಂಟೆ ಓದು ಸಾಕು.

ಮೂಲ ಪಠ್ಯ ತೆಗೆದು ಓದಿ, ಪೂರ್ತಿ ಅಲ್ಲ, ಆ ಒಂದು ಪ್ಯಾರಾ

ಸಂವಿಧಾನ ಓದಿ ಅಂತ ಹೇಳಿದ್ರೆ ಯಾರೂ ಓದಲ್ಲ, ನಾನೂ ಮೊದಲ ಪುಟದಿಂದ ಕೊನೆ ಪುಟದ ತನಕ ಓದೋ ಪೈಕಿ ಅಲ್ಲ. ಆದರೆ ಸೀರೀಸಲ್ಲಿ ಯಾವ ವಿಧಿ ಹೆಸರು ಬರುತ್ತೋ ಅದೊಂದನ್ನ ತೆಗೆದು, ಅದರ ಹಿಂದೆ ಮುಂದೆ ಒಂದೊಂದು ಪ್ಯಾರಾ ಓದೋದು ಕಷ್ಟ ಏನಲ್ಲ. ಹಿಂದೆ ಮುಂದೆ ಅಂತ ಯಾಕೆ ಒತ್ತಿ ಹೇಳ್ತಿದೀನಿ ಅಂದ್ರೆ ಮಜಾ ಇರೋದೇ ಅಲ್ಲಿ.

ಮೊದಲನೇ ಸೀಸನ್ನಿನ 'ಮಿಸ್ಟರ್ ವಿಲ್ಲಿಸ್ ಆಫ್ ಓಹಾಯೋ' ಎಪಿಸೋಡ್ ತಗೊಳ್ಳಿ. ಜನಗಣತಿಯಲ್ಲಿ ತಲೆ ಎಣಿಸ್ಬೇಕಾ ಸ್ಯಾಂಪಲಿಂಗ್ ಮಾಡ್ಬಹುದಾ ಅಂತ ಜಗಳ, ಕೇಳೋಕೆ ನಿದ್ದೆ ಬರೋ ವಿಷಯ, ಆದರೂ ಸೀರೀಸಿನ ಒಳ್ಳೆ ಎಪಿಸೋಡ್‌ಗಳಲ್ಲಿ ಅದೂ ಒಂದು. ಅದರಲ್ಲಿ ವೈಟ್ ಹೌಸ್ ಸಿಬ್ಬಂದಿಯಲ್ಲೊಬ್ಬನಾದ ಟೋಬಿ ಸಂವಿಧಾನದ ಮೊದಲನೇ ವಿಧಿಯ ಎರಡನೇ ಸೆಕ್ಷನ್ನನ್ನ ಮಾತಿಗೆ ತರ್ತಾನೆ. ಗುಲಾಮರನ್ನ ಐದರಲ್ಲಿ ಮೂರು ಪಾಲು ಮನುಷ್ಯರು ಅಂತ ಎಣಿಸಿದ್ದ ಹಳೇ ಸಾಲು ಇರೋದು ಅದೇ ಸೆಕ್ಷನ್ನಲ್ಲಿ, ಆ ಜಾಗಕ್ಕೆ ಬಂದಾಗ ರೂಮೇ ತಣ್ಣಗಾಗುತ್ತೆ. ಈಗ ಪಾಸ್ ಮಾಡಿ, ಆ ಸೆಕ್ಷನ್ ತೆಗೆದು ಅದರ ಮುಂದಿನ ಪ್ಯಾರಾ ಓದಿ. ಪ್ರತಿನಿಧಿ ಸಭೆಯಲ್ಲಿ ಸೀಟ್ ಖಾಲಿಯಾದ್ರೆ ಅದನ್ನ ತುಂಬೋಕೆ ಚುನಾವಣೆ ನಡೆಸ್ಬೇಕು ಅಂತಿದೆ. ಹಾಗಿದ್ರೆ ಹೆಂಡತಿ ತೀರಿಕೊಂಡ ಮೇಲೆ ಅವಳ ಸೀಟಲ್ಲಿ ಬಂದು ಕೂತಿರೋ ಈ ಮೇಷ್ಟ್ರು ವಿಲ್ಲಿಸ್ ಒಳಗೆ ಬಂದಿದ್ದು ಹೇಗೆ? ಅವರು ಚುನಾವಣೆ ಗೆದ್ದು ಬಂದ ಹಾಗೆ ಎಪಿಸೋಡಲ್ಲಿ ಅನ್ಸೋದೇ ಇಲ್ಲ. ಸೆನೆಟಲ್ಲಾದ್ರೆ 1913ರ 17ನೇ ತಿದ್ದುಪಡಿ ಪ್ರಕಾರ ರಾಜ್ಯದ ಕಾನೂನು ಅವಕಾಶ ಕೊಟ್ರೆ ಗವರ್ನರ್ ತಾತ್ಕಾಲಿಕವಾಗಿ ನೇಮಕ ಮಾಡ್ಬಹುದು, ಕೆಳಮನೆಯಲ್ಲಿ ಆ ದಾರಿ ಇಲ್ಲ. ಪಾತ್ರಗಳು ಕೈಯಲ್ಲಿ ಹಿಡ್ಕೊಂಡಿರೋ ಸೆಕ್ಷನ್ನೇ ಕಥೆಯ ತಪ್ಪನ್ನ ಹಿಡಿದುಕೊಡುತ್ತೆ! ಇಂಥದೊಂದು ನೀವೇ ಹುಡುಕಿ ಹಿಡಿದ್ರೆ ಆ ನಿಯಮ ಜನ್ಮದಲ್ಲಿ ಮರೆಯಲ್ಲ.

ಅಂದಹಾಗೆ ಸೀಟು ಹಂಚಿಕೆಗೆ ಸ್ಯಾಂಪಲಿಂಗ್ ಬಳಸೋ ಹಾಗಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1999ರ ಜನವರಿಯಲ್ಲೇ ಹೇಳಿತ್ತು, ಎಪಿಸೋಡ್ ಬಂದಿದ್ದು ಅದೇ ವರ್ಷದ ಕೊನೇಲಿ. ಆ ತೀರ್ಪಿನ ಆಧಾರ ಸಂವಿಧಾನ ಅಲ್ಲ, ಜನಗಣತಿ ಕಾಯ್ದೆ. ಎರಡರ ಮಧ್ಯೆ ವ್ಯತ್ಯಾಸ ಏನು ಅಂತ ಯೋಚನೆ ಮಾಡಿ: ಕಾಯ್ದೆನ ಕಾಂಗ್ರೆಸ್ ಬದಲಾಯಿಸ್ಬಹುದು, ಸಂವಿಧಾನ ಬದಲಾಯಿಸೋದು ಅಷ್ಟು ಸಲೀಸಲ್ಲ.

ನಿಜಕ್ಕೂ ನಡೆದಿದ್ದು ಯಾವಾಗ?

ಮುಂದಿನ ಹೆಜ್ಜೆ, ಸೀರೀಸಲ್ಲಿ ನೋಡಿದ್ದು ಹೊರಗೆ ಯಾವಾಗ ನಡೆದಿದೆ ಅಂತ ಹುಡುಕೋದು. ನಾಲ್ಕನೇ ಸೀಸನ್ ಕೊನೆ ನೋಡಿಲ್ಲದೋರು ಈ ಪ್ಯಾರಾ ಬಿಟ್ಟುಬಿಡಿ. ಅಧ್ಯಕ್ಷ ಬಾರ್ಟ್ಲೆಟ್ ಮಗಳ ಅಪಹರಣ ಆಗುತ್ತೆ, ತಂದೆಯಾಗಿ ಯೋಚಿಸೋ ನಾನು ಅಧ್ಯಕ್ಷನಾಗಿ ತೀರ್ಮಾನ ಮಾಡೋ ಸ್ಥಿತಿಯಲ್ಲಿಲ್ಲ ಅಂತ ಆತ 25ನೇ ತಿದ್ದುಪಡಿಯ 3ನೇ ಸೆಕ್ಷನ್ ಬಳಸಿ ಅಧಿಕಾರ ಬಿಟ್ಟುಕೊಡ್ತಾನೆ. ವೈಸ್ ಪ್ರೆಸಿಡೆಂಟ್ ಆಗಲೇ ರಾಜೀನಾಮೆ ಕೊಟ್ಟಾಗಿದೆ, ಹಾಗಾಗಿ ವಿರೋಧ ಪಕ್ಷದ ಸ್ಪೀಕರ್ ಬಂದು ಕುರ್ಚಿಯಲ್ಲಿ ಕೂರ್ತಾನೆ. ಸಖತ್ ಸೀನು. ಈಗ ಸೆಕ್ಷನ್ ತೆಗೆದು ನೋಡಿದ್ರೆ ಅಧಿಕಾರ ವಹಿಸ್ಕೊಳ್ಳೋದಕ್ಕೆ ಅಲ್ಲಿ ವೈಸ್ ಪ್ರೆಸಿಡೆಂಟ್ ಹೆಸರು ಮಾತ್ರ ಇದೆ, ಅಧಿಕಾರ ಸ್ಪೀಕರ್‌ಗೆ ಹೋಗುತ್ತೆ ಅಂತ ಎಲ್ಲೂ ಇಲ್ಲ. ಸ್ಪೀಕರ್ ಬಂದಿದ್ದು 1947ರ ಉತ್ತರಾಧಿಕಾರ ಕಾಯ್ದೆಯಿಂದ, ಅದರ ಪ್ರಕಾರ ಆತ ಸ್ಪೀಕರ್ ಹುದ್ದೆಗೂ ಸದಸ್ಯತ್ವಕ್ಕೂ ಎರಡಕ್ಕೂ ರಾಜೀನಾಮೆ ಕೊಡ್ಬೇಕು. ಎರಡು ದಿನದ ಅಧಿಕಾರಕ್ಕೆ ಗೆದ್ದ ಸೀಟೇ ಕಳ್ಕೊಳ್ಳೋದು ಅಂದ್ರೆ ತಮಾಷೆ ಅಲ್ಲ, ಸೀರೀಸಲ್ಲೂ ಅದು ಬರುತ್ತೆ.

ಹೊರಗಿನ ಪ್ರಪಂಚದಲ್ಲಿ ಇದೇ 3ನೇ ಸೆಕ್ಷನ್ ಯಾವುದಕ್ಕೆ ಬಳಕೆಯಾಗಿದೆ ಅಂತ ನೋಡಿದ್ರೆ ನಗು ಬರುತ್ತೆ, ಕೊಲೊನೋಸ್ಕೋಪಿಗೆ! ಅರಿವಳಿಕೆ ಕೊಟ್ಟಾಗ ಅಧ್ಯಕ್ಷರಿಗೆ ಎಚ್ಚರ ಇರಲ್ಲ, ಆಗ ಅಣ್ವಸ್ತ್ರದ ಜವಾಬ್ದಾರಿ ಯಾರದು? ಅದಕ್ಕೇ ಬುಷ್ 2002ರಲ್ಲಿ ಮತ್ತೆ 2007ರಲ್ಲಿ ವೈಸ್ ಪ್ರೆಸಿಡೆಂಟ್ ಚೇನಿಗೆ ಅಧಿಕಾರ ಕೊಟ್ರು, 2021ರ ನವೆಂಬರಲ್ಲಿ ಬೈಡನ್ 85 ನಿಮಿಷ ಕಮಲಾ ಹ್ಯಾರಿಸ್‌ಗೆ ಕೊಟ್ರು. ಅದೇ ತಿದ್ದುಪಡಿಯ 2ನೇ ಸೆಕ್ಷನ್ ಇನ್ನೂ ದೊಡ್ಡ ಕಥೆ. ಖಾಲಿಯಾದ ವೈಸ್ ಪ್ರೆಸಿಡೆಂಟ್ ಜಾಗಕ್ಕೆ 1973ರಲ್ಲಿ ಜೆರಾಲ್ಡ್ ಫೋರ್ಡ್ ನೇಮಕ ಆಗಿ, 1974ರಲ್ಲಿ ನಿಕ್ಸನ್ ರಾಜೀನಾಮೆ ಕೊಟ್ಟಾಗ ಅಧ್ಯಕ್ಷನೂ ಆದ, ಎರಡು ಹುದ್ದೆಗೂ ದೇಶದ ಜನ ವೋಟ್ ಹಾಕಿರ್ಲಿಲ್ಲ. ಇದನ್ನ ಯಾವ ಸ್ಕ್ರಿಪ್ಟ್ ರೈಟರ್ ಬರ್ದಿದ್ರೂ ಅತಿಯಾಯ್ತು ಅಂತಿದ್ವಿ.

ಐದನೇ ಸೀಸನ್ನಿನ 'ಶಟ್‌ಡೌನ್' ಎಪಿಸೋಡ್ ನೋಡಿದೋರು ಇದೇ ರೀತಿ ಮಾಡಿ. ಅಮೆರಿಕದಲ್ಲಿ ಹಣಕಾಸು ವರ್ಷ ಶುರುವಾಗೋದು ಅಕ್ಟೋಬರ್ 1ಕ್ಕೆ, ಅಷ್ಟರೊಳಗೆ ಖರ್ಚಿಗೆ ಕಾಂಗ್ರೆಸ್ ಒಪ್ಪಿಗೆ ಕೊಡದಿದ್ರೆ ಆಫೀಸ್‌ಗಳು ಬಾಗಿಲು ಹಾಕ್ತವೆ. ಸೀರೀಸಲ್ಲಿ ಅಧ್ಯಕ್ಷ ನಡ್ಕೊಂಡೇ ಕ್ಯಾಪಿಟಲ್‌ಗೆ ಹೋಗಿ ಸ್ಪೀಕರನ್ನ ಪೇಚಿಗೆ ಸಿಕ್ಕಿಸ್ತಾನೆ, ವಿಷಯ ಬೇಗ ಬಗೆಹರಿಯುತ್ತೆ. ನಿಜವಾದ ಶಟ್‌ಡೌನ್ 2018-19ರಲ್ಲಿ 35 ದಿನ, 2025ರಲ್ಲಿ 43 ದಿನ ಎಳೀತು.

ಡ್ರಾಮಾ ಎಲ್ಲೆಲ್ಲಿ ಸುಳ್ಳು ಹೇಳುತ್ತೆ

ಮುಖ್ಯವಾದ ಸುಳ್ಳು, ಒಳ್ಳೆ ಭಾಷಣದಿಂದ ಎದುರಾಳಿ ಮನಸ್ಸು ಬದಲಾಯಿಸ್ತಾನೆ ಅನ್ನೋದು. ಹಿನ್ನೆಲೆ ಸಂಗೀತ ಏರುತ್ತೆ, ಒಬ್ಬರು ನಾಲ್ಕು ಮಾತು ಚೆನ್ನಾಗಿ ಆಡ್ತಾರೆ, ಎದುರಿಗಿರೋರು ತಲೆ ತಗ್ಗಿಸ್ತಾರೆ. ಸದನದಲ್ಲಿ ಬಹುಪಾಲು ವೋಟ್ ಭಾಷಣಕ್ಕೆ ಮುಂಚೆನೇ ತೀರ್ಮಾನ ಆಗಿರುತ್ತೆ. ಎರಡನೇದು, ಕಮಿಟಿಗಳೇ ಕಾಣಲ್ಲ. ಅಮೆರಿಕದ ಕಾಂಗ್ರೆಸಲ್ಲಿ ಮಂಡನೆಯಾಗೋ ಬಿಲ್‌ಗಳಲ್ಲಿ ಹೆಚ್ಚಿನವು ಸಾಯೋದು ಕಮಿಟಿ ಹಂತದಲ್ಲಿ, ಯಾರೂ ಕೂಗಾಡದೆ, ಕ್ಯಾಮೆರಾಗೆ ಬೀಳದೆ. ಆಮೇಲೆ ಆರೇಳು ಜನ ಸೇರ್ಕೊಂಡು ವಿದೇಶಾಂಗ, ಕೃಷಿ, ಶಿಕ್ಷಣ ಎಲ್ಲಾ ನೋಡ್ಕೋತಾರೆ, ಪಾತ್ರ ಜಾಸ್ತಿ ಆದ್ರೆ ನಮಗೆ ಹೆಸರು ನೆನಪಿರಲ್ಲ ಅಂತ. ಎದುರು ಪಕ್ಷದೋರು ಒಂದೋ ದಡ್ಡರು ಇಲ್ಲ ದುಷ್ಟರು. ಈ ಕೊನೇದ್ರ ಬಗ್ಗೆ ಹುಷಾರು, ಅದು ನಮಗೆ ಗೊತ್ತಿಲ್ದೇ ಅಂಟ್ಕೊಳ್ಳುತ್ತೆ. ಸೀರೀಸಲ್ಲಿ ಹೀರೋ ವಿರುದ್ಧ ಯಾರು ಮಾತಾಡ್ತಾರೋ ಅವರ ವಾದನ ನೋಟ್‌ಬುಕ್ಕಲ್ಲಿ ಎರಡು ಸಾಲು ನ್ಯಾಯವಾಗಿ ಬರೆದು ನೋಡಿ, ಬರೆಯೋಕೆ ಆಗದಿದ್ರೆ ಆ ವಿಷಯ ನಿಮಗಿನ್ನೂ ಅರ್ಥ ಆಗಿಲ್ಲ ಅಂತಲೇ.

ಹೀರೋ ಬಗ್ಗೆ ಮಾತು ಬಂದಿದ್ದಕ್ಕೆ, ಉಕ್ರೇನಿನ ವಿಷಯ ಬಿಡೋ ಹಾಗೇ ಇಲ್ಲ. 2015ರಲ್ಲಿ ಶುರುವಾದ 'ಸರ್ವೆಂಟ್ ಆಫ್ ದಿ ಪೀಪಲ್' ಸೀರೀಸಲ್ಲಿ ಇತಿಹಾಸದ ಮೇಷ್ಟ್ರು ಭ್ರಷ್ಟಾಚಾರದ ಬಗ್ಗೆ ಕೂಗಾಡಿದ ವಿಡಿಯೋ ವೈರಲ್ ಆಗಿ ಅಧ್ಯಕ್ಷನೇ ಆಗ್ಬಿಡ್ತಾನೆ. ಆ ಪಾತ್ರ ಮಾಡಿದ ಝೆಲೆನ್ಸ್ಕಿ 2019ರಲ್ಲಿ ಸುಮಾರು 73 ಪರ್ಸೆಂಟ್ ವೋಟ್ ತಗೊಂಡು ನಿಜವಾಗಿಯೂ ಅಧ್ಯಕ್ಷ ಆದ್ರು, ಪಕ್ಷಕ್ಕೂ ಸೀರೀಸಿನದೇ ಹೆಸರು. ಜನ ವೋಟ್ ಹಾಕಿದ್ದು ಯಾರಿಗೆ, ಮೇಷ್ಟ್ರಿಗಾ ನಟನಿಗಾ ಅಂತ ಚರ್ಚೆ ಮಾಡ್ತಾ ಕೂರ್ಬಹುದು, ನಾನು ಹೇಳೋದು ಇಲ್ಲೂ ಆ ಎರಡು ಪ್ರಶ್ನೆ ಹಾಕಿ ಅಂತ. ಅಧಿಕಾರ ತಗೊಂಡ ದಿನವೇ ಅವರು ಸಂಸತ್ ವಿಸರ್ಜನೆ ಮಾಡ್ತೀನಿ ಅಂದ್ರು. ಹಾಗೆ ಮಾಡೋಕೆ ಆಗುತ್ತಾ ಅಂತ ವಿಷಯ ಸಾಂವಿಧಾನಿಕ ಕೋರ್ಟಿಗೆ ಹೋಯ್ತು, ಕೋರ್ಟ್ ಸರಿ ಅಂತು, ಜುಲೈನಲ್ಲಿ ಚುನಾವಣೆ ಆಗಿ ಅವರ ಪಕ್ಷ 254 ಸೀಟ್ ಗೆದ್ದು ಒಂಟಿಯಾಗಿ ಬಹುಮತ ತಗೊಂಡ್ತು.

ಒಂದು ದೇಶದ ಸೀರೀಸ್‌ಗೇ ನಿಲ್ಲಬೇಡಿ

ವೆಸ್ಟ್ ವಿಂಗ್ ಮಾತ್ರ ನೋಡಿದೋರಿಗೆ ಪ್ರಜಾಪ್ರಭುತ್ವ ಅಂದ್ರೆ ಒಬ್ಬ ಅಧ್ಯಕ್ಷ, ಎರಡು ಪಕ್ಷ. ಅದಾದ್ಮೇಲೆ ಬೋರ್ಗೆನ್ ಹಾಕಿ, ತಲೆ ತಿರುಗುತ್ತೆ. ಡೆನ್ಮಾರ್ಕಿನ ಸಂಸತ್ತಲ್ಲಿ 179 ಸೀಟು, ಅದರಲ್ಲಿ ಗ್ರೀನ್‌ಲ್ಯಾಂಡಿಗೆ 2, ಫಾರೋ ದ್ವೀಪಗಳಿಗೆ 2. ಬಹುಮತಕ್ಕೆ 90. ಎರಡನೇ ಎಪಿಸೋಡಿನ ಹೆಸರೇ 90ರ ತನಕ ಎಣಿಸಿ ಅನ್ನೋ ಅರ್ಥದ್ದು, ಕಥಾನಾಯಕಿ ಬಿರ್ಗಿಟ್ಟೆ ನ್ಯೂಬೋರ್ಗ್ ಸಣ್ಣ ಸಣ್ಣ ಪಕ್ಷಗಳ ಜೊತೆ ಕೂತು ಒಂದೊಂದೇ ಸೀಟ್ ಸೇರಿಸ್ತಾ ಹೋಗ್ತಾಳೆ, ಒಂದು ಪಕ್ಷಕ್ಕೆ ಏನಾದ್ರೂ ಕೊಟ್ರೆ ಇನ್ನೊಂದು ಎದ್ದು ಹೋಗುತ್ತೆ. ಅಲ್ಲಿನ ಇನ್ನೊಂದು ನಿಯಮ ಗೊತ್ತಾದ್ರೆ ಸೀರೀಸಿನ ರುಚಿ ಇನ್ನೂ ಜಾಸ್ತಿ ಆಗುತ್ತೆ: ಸರ್ಕಾರದ ಪರ ಬಹುಮತ ಇರ್ಲೇಬೇಕು ಅಂತಿಲ್ಲ, ವಿರುದ್ಧ ಬಹುಮತ ಇರ್ಬಾರ್ದು ಅಷ್ಟೇ. ಹಾಗಾಗಿ ಅಲ್ಪಮತದ ಸರ್ಕಾರ ಅಲ್ಲಿ ಮಾಮೂಲಿ. ಸೀರೀಸ್ ಶುರುವಾದ ಮರುವರ್ಷ, 2011ರಲ್ಲಿ, ಹೆಲೆ ಥೋರ್ನಿಂಗ್ ಶ್ಮಿಟ್ ಆ ದೇಶದ ಮೊದಲ ಮಹಿಳಾ ಪ್ರಧಾನಿ ಆದ್ರು.

ಎರಡು ಸೀರೀಸ್ ನೋಡಿದ್ಮೇಲೆ ಒಂದೇ ಸಮಸ್ಯೆಯನ್ನ ಎರಡೂ ಕಡೆ ಇಟ್ಟು ನೋಡಿ. ಬಾರ್ಟ್ಲೆಟ್ಟಿನ ಬಜೆಟ್ ಬಿದ್ರೆ ಆತ ಕುರ್ಚಿ ಬಿಡ್ಬೇಕಾಗಿಲ್ಲ, ಅವಧಿ ಮುಗಿಯೋ ತನಕ ಇರ್ತಾನೆ. ನ್ಯೂಬೋರ್ಗ್ ವಿರುದ್ಧ ಸದನದಲ್ಲಿ ಬಹುಮತ ಕೂಡಿದ್ರೆ ಅವಳ ಕಥೆ ಅಲ್ಲಿಗೇ ಮುಗೀತು. ಅದಕ್ಕೇ ಒಬ್ಬ ಭಾಷಣ ಜಾಸ್ತಿ ಮಾಡ್ತಾನೆ, ಇನ್ನೊಬ್ಬಳು ಫೋನ್ ಕರೆ ಜಾಸ್ತಿ ಮಾಡ್ತಾಳೆ.

ಇನ್ನು ಬೋರಿಂಗ್ ಆದ ಅಸಲಿಯನ್ನ ನೋಡಿ

ಇಷ್ಟಾದ್ಮೇಲೆ ನಿಜವಾದ ಸದನದ ಕಲಾಪ ನೋಡೋಕೆ ಧೈರ್ಯ ಬಂದಿರುತ್ತೆ. ಅಮೆರಿಕದ ಪ್ರತಿನಿಧಿ ಸಭೆ 1979ರಿಂದ ಸಿ-ಸ್ಪ್ಯಾನ್ ಅನ್ನೋ ಟಿವಿ ಚಾನೆಲ್ಲಲ್ಲಿ ಬರ್ತಿದೆ, ಸೆನೆಟ್ 1986ರಿಂದ. ಬ್ರಿಟನ್ನಲ್ಲಿ ಬುಧವಾರ ಮಧ್ಯಾಹ್ನ ಪ್ರಧಾನಿಗೆ ಪ್ರಶ್ನೆ ಕೇಳೋ ಅರ್ಧ ಗಂಟೆ ಇದೆ, ಅದರಿಂದ ಶುರು ಮಾಡೋದು ಸುಲಭ, ಗಲಾಟೆ ಇರುತ್ತೆ, ನಿದ್ದೆ ಬರಲ್ಲ. ಆದರೆ ಅದನ್ನೇ ರಾಜಕೀಯ ಅಂದ್ಕೋಬೇಡಿ, ಅದೂ ಅರ್ಧ ನಾಟಕವೇ. ಗಲಾಟೆ ಮುಗಿದು ಸದಸ್ಯರು ಎದ್ದು ಹೋದ್ಮೇಲೆ ಖಾಲಿ ಬೆಂಚುಗಳ ಮುಂದೆ ಯಾರೋ ಒಬ್ಬರು ತಿದ್ದುಪಡಿ ಓದ್ತಿರ್ತಾರಲ್ಲ, ಅಲ್ಲಿಂದ ಹತ್ತು ನಿಮಿಷ ಜಾಸ್ತಿ ಕೂರಿ.

ಕೊನೇದಾಗಿ ನಿಮ್ಮ ಸ್ವಂತ ಶಾಸನಸಭೆಗೆ ಬನ್ನಿ. ಯಾವ ದೇಶದಲ್ಲಿದ್ರೂ ಪರವಾಗಿಲ್ಲ, ಸದನದ ವೆಬ್‌ಸೈಟಲ್ಲಿ ಮಂಡನೆಯಾದ ಬಿಲ್‌ಗಳ ಪಟ್ಟಿ, ಕಲಾಪದ ದಾಖಲೆ ಇದ್ಯಾ ಅಂತ ನೋಡಿ. ದೊಡ್ಡ ಬಿಲ್ ಬೇಡ, ಅದರ ಬಗ್ಗೆ ಎಲ್ಲರೂ ಕೂಗಾಡ್ತಾನೇ ಇರ್ತಾರೆ. ನಿಮ್ಮ ಕೆಲಸಕ್ಕೋ ಹವ್ಯಾಸಕ್ಕೋ ಸಂಬಂಧಪಟ್ಟ ಸಣ್ಣದೊಂದು ಆರಿಸ್ಕೊಳ್ಳಿ. ನೋಟ್‌ಬುಕ್ಕಲ್ಲಿ ಒಂದು ಪುಟ ಅದಕ್ಕೆ ಕೊಡಿ, ಯಾರು ಮಂಡಿಸಿದ್ರು, ಯಾವ ಕಮಿಟಿಗೆ ಹೋಯ್ತು, ಏನು ತಿದ್ದುಪಡಿ ಬಂತು, ನೀವು ವೋಟ್ ಹಾಕೋ ಕ್ಷೇತ್ರದ ಪ್ರತಿನಿಧಿ ಬಾಯಿಬಿಟ್ಟಿದ್ದಾರಾ ಇಲ್ವಾ ಅಂತ. ವಾರಕ್ಕೊಂದ್ಸಲ ನೋಡಿದ್ರೆ ಸಾಕು, ಎಷ್ಟೋ ವಾರ ಏನೂ ಆಗಿರಲ್ಲ. ಪ್ರತಿನಿಧಿಗೆ ಒಂದು ಪತ್ರ ಬರೆದು ನಿಮ್ಮ ನಿಲುವೇನು ಅಂತ ಕೇಳ್ಬಹುದು, ಕೇಳೋವಾಗ ಬಿಲ್ ನಂಬರ್ ಹಾಕಿ, ನಂಬರ್ ಇರೋ ಪತ್ರನ ಆಫೀಸಿನವರು ತಳ್ಳಿಹಾಕೋದು ಕಷ್ಟ. ಆ ಬಿಲ್ ಬಿದ್ದುಹೋದ್ರೂ ಚಿಂತೆ ಇಲ್ಲ, ಯಾವ ಹಂತದಲ್ಲಿ ಯಾರು ತಡೆದ್ರು ಅಂತ ಬರ್ಕೊಂಡು ಇನ್ನೊಂದು ಬಿಲ್ ಹಿಡ್ಕೊಳ್ಳಿ.